ಸೈಕಲ್ ಕೊಟ್ಟರು, ತುಳಿಯಲು ಕಲಿಸುವವರು ಯಾರು?

ಸುಮಾರು ಎರಡು ದಶಕಗಳ ಹಿಂದಿನ ಮಾತು. ಕಡೂರು ಸೀಮೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರಾಗಿದ್ದೆ. ಒಂದು ದಿನ ಶಾಲೆಯ ಮುಂದೆ ಲಾರಿ ಬಂದು ನಿಂತಿತು. ಅದರ ತುಂಬ ಸೈಕಲ್ಲುಗಳು. ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆಂದು ಸರ್ಕಾರ ಕಳಿಸಿದ್ದ ಹೊಚ್ಚಹೊಸ ಸೈಕಲ್ಲುಗಳು! ಹ್ಯಾಂಡಲ್, ಪೆಡಲ್ ಜೋಡಿಸುವ ಕೆಲಸ ಎರಡು ದಿನ ನಡೆಯಿತು. ಮೂರನೆಯ ದಿನ ಸಭೆ, ಭಾಷಣ, ಫೋಟೊ ಎಲ್ಲ ಆಯಿತು. ಸಂಜೆ ಹುಡುಗಿಯರು ಸೈಕಲ್ ಹಿಡಿದು ಸಾಲಾಗಿ ಗೇಟು ದಾಟಿದರು. ಹತ್ತಿ ಹೋದವರಿಗಿಂತ ತಳ್ಳಿಕೊಂಡು ಹೋದವರೇ ಹೆಚ್ಚು. ಹೊಸ ಸೈಕಲ್ ಅಲ್ಲವೇ, ಜೋಪಾನ ಮಾಡುತ್ತಿದ್ದಾರೆ ಎಂದುಕೊಂಡೆ.

ಮುಂದಿನ ವಾರ ತರಗತಿಯಲ್ಲಿ ಸರಳ ಯಂತ್ರಗಳ ಪಾಠ. ಸೈಕಲ್ಲಿಗಿಂತ ಒಳ್ಳೆಯ ಉದಾಹರಣೆ ಬೇಕೆ? ಕಪ್ಪುಹಲಗೆಯ ಮೇಲೆ ಎರಡು ಹಲ್ಲುಚಕ್ರ ಬರೆದು, ಅವಕ್ಕೆ ಚೈನು ತೊಡಿಸಿ, ಉತ್ಸಾಹದಿಂದಲೇ ಪಾಠ ಮಾಡಿದೆ. ಕೊನೆಗೆ, ‘ಇವತ್ತು ಸೈಕಲ್ ಮೇಲೆ ಬಂದವರು ಕೈ ಎತ್ತಿ’ ಎಂದೆ. ನಾಲ್ಕೈದು ಕೈಗಳಷ್ಟೇ ಮೇಲೆದ್ದವು. ‘ಉಳಿದವರು ಯಾಕೆ ತರಲಿಲ್ಲ?’ ಎಂದರೆ ಯಾರೂ ಮಾತಾಡಲೊಲ್ಲರು. ಕಡೆಗೆ ಹಿಂದಿನ ಬೆಂಚಿನ ಒಬ್ಬಳು ಎದ್ದು ನಿಂತು, ‘ತುಳಿಯೋಕೆ ಬರಲ್ಲ ಸಾರ್’ ಎಂದಳು. ತರಗತಿಯೆಲ್ಲ ಗೊಳ್ಳೆಂದಿತು. ವಿಚಾರಿಸಿದರೆ, ನಕ್ಕವರಲ್ಲೂ ಮುಕ್ಕಾಲು ಜನಕ್ಕೆ ತುಳಿಯಲು ಬರುತ್ತಿರಲಿಲ್ಲ.

ಆ ಹುಡುಗಿಯ ಊರು ಶಾಲೆಗೆ ಐದು ಕಿಲೊಮೀಟರ್. ಅವಳ ಸೈಕಲ್ಲಿನ ಕ್ಯಾರಿಯರಿಗೆ ಅಪ್ಪ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುತ್ತಿದ್ದರು. ಅವಳು ಎಂದಿನಂತೆ ಜೊತೆಯ ಇಬ್ಬರೊಂದಿಗೆ ನಡೆದೇ ಬರುತ್ತಿದ್ದಳು. ‘ಕಲಿತುಕೊಳ್ಳಮ್ಮ’ ಎಂದು ಹೇಳಿ ನಾನು ಮುಂದಿನ ಪಾಠಕ್ಕೆ ಹೋದೆ. ಯಾರ ಹತ್ತಿರ ಕಲಿಯಬೇಕು, ಎಲ್ಲಿ ಕಲಿಯಬೇಕು ಎಂಬುದನ್ನು ನಾನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಜೊತೆಯವರಲ್ಲಿ ಒಬ್ಬಳಿಗೆ ಮದುವೆಯಾಯಿತು, ಇನ್ನೊಬ್ಬಳು ಅಜ್ಜಿಯ ಮನೆಗೆ ಹೋದಳು. ಒಂಟಿ ಹುಡುಗಿಯನ್ನು ಅಷ್ಟು ದೂರ ನಡೆಸಲು ಮನೆಯವರು ಒಪ್ಪಲಿಲ್ಲ. ಒಂಬತ್ತನೇ ತರಗತಿಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಎರಡು ತಿಂಗಳು ಗೈರುಹಾಜರಿ ಬಿತ್ತು. ಆಮೇಲೆ ಹೆಸರೇ ಹೋಯಿತು. ಸೈಕಲ್ ಮನೆಯಲ್ಲಿತ್ತು, ಹುಡುಗಿ ಶಾಲೆಯಲ್ಲಿರಲಿಲ್ಲ.

ಮಕ್ಕಳಿಗೆ ಸೈಕಲ್ ಕೊಡುವುದು ಒಂದು ಕೆಲಸ, ಅದನ್ನು ತುಳಿಯಲು ಕಲಿಸುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಸರ್ಕಾರ ದೊಡ್ಡ ಪ್ರಮಾಣದಲ್ಲಿ ಮಾಡಿತು. ಎರಡನೆಯದು ಯಾರ ಪಾಲಿಗೂ ಬೀಳಲಿಲ್ಲ. ಈ ಲೇಖನ ಆ ಎರಡನೆಯ ಕೆಲಸದ ಬಗ್ಗೆ.

ಯೋಜನೆ ಬಂದ ಬಗೆ

ಕರ್ನಾಟಕದಲ್ಲಿ ಶಾಲಾ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭವಾದದ್ದು 2006-07ರಲ್ಲಿ. ಆಗ ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆಯನ್ನೂ ನೋಡಿಕೊಳ್ಳುತ್ತಿದ್ದವರು ಬಿ.ಎಸ್. ಯಡಿಯೂರಪ್ಪ. ಮೊದಲ ವರ್ಷ ಎಂಟನೇ ತರಗತಿಯ ಬಡ ಹೆಣ್ಣುಮಕ್ಕಳಿಗೆ ಸೈಕಲ್ ಸಿಕ್ಕಿತು. ಮರುವರ್ಷ ಗಂಡುಮಕ್ಕಳಿಗೂ ವಿಸ್ತರಿಸಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳು ವರ್ಷವರ್ಷವೂ ಇದರ ಫಲ ಪಡೆದರು. ಎಂಟನೇ ತರಗತಿಯನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಏಳನೆಯವರೆಗಿನ ಶಾಲೆ ಊರಲ್ಲೋ ಪಕ್ಕದ ಊರಲ್ಲೋ ಇರುತ್ತದೆ. ಹೈಸ್ಕೂಲು ಮಾತ್ರ ಹೋಬಳಿ ಕೇಂದ್ರದಲ್ಲಿ. ಹುಡುಗಿಯರು ಶಾಲೆ ಬಿಡುತ್ತಿದ್ದದ್ದು ಈ ಏಳು ಮತ್ತು ಎಂಟರ ನಡುವಿನ ದಾರಿಯಲ್ಲಿಯೇ.

2020ರಲ್ಲಿ ಕೋವಿಡ್ ಬಂದು ಶಾಲೆಗಳು ಮುಚ್ಚಿದಾಗ ಸೈಕಲ್ ವಿತರಣೆಯೂ ನಿಂತಿತು. ಶಾಲೆಗಳು ತೆರೆದ ನಂತರದ ವರ್ಷಗಳಲ್ಲಿ ಹಲವು ತಂಡದ ಮಕ್ಕಳು ಸೈಕಲ್ ಇಲ್ಲದೆಯೇ ಎಂಟನೇ ತರಗತಿ ದಾಟಿದರು. ಮತ್ತೆ ಕೊಡಿ ಎಂಬ ಬೇಡಿಕೆ ಪೋಷಕರಿಂದಲೂ ಶಿಕ್ಷಕರಿಂದಲೂ ಬಂತು. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಕೇಳುವಾಗ ಸೈಕಲ್ಲಿನ ಜೊತೆಗೆ ಕಲಿಕೆಯನ್ನೂ ಕೇಳಬೇಕೆಂಬುದು ನನ್ನ ವಾದ.

ಸೈಕಲ್ ಕೊಟ್ಟರೆ ನಿಜವಾಗಿ ಪ್ರಯೋಜನವಿದೆಯೇ ಎಂದು ಅನುಮಾನಿಸುವವರಿದ್ದಾರೆ. ಬಿಹಾರದಲ್ಲಿ 2006ರಲ್ಲಿ ಶುರುವಾದ ಇಂಥದೇ ಯೋಜನೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡುತ್ತಿದ್ದರು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನು ಅಧ್ಯಯನ ಮಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ 32ರಷ್ಟು ಹೆಚ್ಚಿತ್ತು. ಗಂಡು-ಹೆಣ್ಣು ಮಕ್ಕಳ ದಾಖಲಾತಿಯ ನಡುವಿನ ಅಂತರ ಶೇ 40ರಷ್ಟು ಕುಗ್ಗಿತ್ತು. ಪ್ರೌಢಶಾಲೆ ಮೂರು ಕಿಲೊಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ ಪರಿಣಾಮ ಇನ್ನೂ ದೊಡ್ಡದಾಗಿತ್ತು. ತುಳಿಯುವ ಹುಡುಗಿಗೆ ದೂರ ಕಡಿಮೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಾವು ಕಲಿತ ಬಗೆ

ಗಂಡುಮಕ್ಕಳಾದ ನಮಗೆ ಸೈಕಲ್ ಯಾರೂ ಕಲಿಸಲಿಲ್ಲ, ನಿಜ. ನಮ್ಮ ಕಾಲದಲ್ಲಿ ಪೇಟೆಬೀದಿಯ ಸೈಕಲ್ ಶಾಪಿನಲ್ಲಿ ಗಂಟೆಗೆ ಇಷ್ಟೆಂದು ಬಾಡಿಗೆಗೆ ಸೈಕಲ್ ಕೊಡುತ್ತಿದ್ದರು. ಸೀಟಿನ ಮೇಲೆ ಕೂತರೆ ಕಾಲು ಎಟುಕದು. ಹಾಗಾಗಿ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿಯುತ್ತ, ಮಂಡಿ ಮೊಣಕೈ ತರಚಿಕೊಂಡು, ಕೆರೆ ಏರಿಯ ಮೇಲೆ ಬಿದ್ದೆದ್ದು ಕಲಿತೆವು. ಮನೆಗೆ ಬಂದರೆ ಗಾಯಕ್ಕೆ ಸುಣ್ಣ, ಬೆನ್ನಿಗೆ ಗುದ್ದು. ಆದರೂ ಮರುದಿನ ಮತ್ತೆ ಹೋಗುತ್ತಿದ್ದೆವು. ಯಾರೂ ನಮ್ಮನ್ನು ತಡೆಯುತ್ತಿರಲಿಲ್ಲ.

ಅದೇ ಮನೆಯ ಅಕ್ಕತಂಗಿಯರಿಗೆ ಈ ಅವಕಾಶವಿರಲಿಲ್ಲ. ಅವರ ಸಂಜೆಗಳು ನೀರು ತರುವುದಕ್ಕೆ, ಕಸಮುಸುರೆಗೆ ಹೋಗುತ್ತಿದ್ದವು. ಬೀದಿಯಲ್ಲಿ ಬಿದ್ದರೆ ನಗುವವರು ನೂರು ಜನ. ಬೆಳೆದ ಹುಡುಗಿ ಸೈಕಲ್ ತುಳಿಯಬಾರದೆಂಬ ಮೂಢನಂಬಿಕೆ ಬೇರೆ. ಈಗ ಬಾಡಿಗೆ ಸೈಕಲ್ ಅಂಗಡಿಗಳು ಹೆಚ್ಚುಕಡಿಮೆ ಕಾಣೆಯಾಗಿವೆ. ಹೀಗಾಗಿ ಗಂಡುಮಕ್ಕಳಲ್ಲೂ ಸೈಕಲ್ ಬಾರದವರು ಸಿಗುತ್ತಾರೆ. ಮನೆಯ ಮೊಬೈಲು ಹುಡುಗನ ಸಂಜೆಯನ್ನು ನುಂಗಿದೆ. ‘ತಾನಾಗಿಯೇ ಕಲಿಯುತ್ತಾರೆ ಬಿಡಿ’ ಎನ್ನುವ ಮಾತು ಇವತ್ತಿಗೆ ಸಲ್ಲುವುದಿಲ್ಲ.

ನಮ್ಮ ನೆಲ, ನಮ್ಮ ರಸ್ತೆ

ಚಿಕ್ಕಮಗಳೂರು ಜಿಲ್ಲೆ ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಕಾಫಿ ಮತ್ತು ಬೆಟ್ಟ. ಶೃಂಗೇರಿ, ಕೊಪ್ಪ, ಮೂಡಿಗೆರೆಯ ಏರುಇಳಿತದಲ್ಲಿ ಗೇರಿಲ್ಲದ ಸೈಕಲ್ ತುಳಿಯುವುದು ದೊಡ್ಡವರಿಗೇ ಕಷ್ಟ. ಆದರೆ ಕಡೂರು, ಅಜ್ಜಂಪುರಗಳದು ಬಯಲುಸೀಮೆ. ತರೀಕೆರೆಯ ಪಡುವಣ ಭಾಗ ಮಲೆನಾಡಿಗೆ ಹತ್ತಿದ್ದರೂ ಮೂಡಣ ಭಾಗ ಸಮತಟ್ಟು. ರಾಗಿ ಹೊಲ, ತೆಂಗಿನ ತೋಟ, ಈರುಳ್ಳಿ ಗದ್ದೆಗಳ ನಡುವೆ ಸಾಗುವ ಹಳ್ಳಿರಸ್ತೆಗಳು ಸೈಕಲ್ಲಿಗೆ ಹೇಳಿ ಮಾಡಿಸಿದಂತಿವೆ. ಯಗಟಿ, ಪಂಚನಹಳ್ಳಿ, ಸಿಂಗಟಗೆರೆ, ಶಿವನಿಯಂಥ ಹೋಬಳಿ ಊರುಗಳ ಹೈಸ್ಕೂಲುಗಳಿಗೆ ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ಅಷ್ಟು ದೂರವನ್ನು ಸೈಕಲ್ ಸುಲಭವಾಗಿ ನುಂಗುತ್ತದೆ.

ಆದರೆ ಎರಡು ತೊಡಕುಗಳಿವೆ. ಒಂದು ಚಿಕ್ಕದು, ಜಾಲಿಮುಳ್ಳು. ನಮ್ಮ ಕಡೆಯ ದಾರಿಗಳಲ್ಲಿ ವಾರಕ್ಕೊಮ್ಮೆ ಪಂಕ್ಚರ್ ಆಗದಿದ್ದರೆ ಅದೃಷ್ಟ. ಪಂಕ್ಚರ್ ಹಾಕಿಸಲು ಪೇಟೆಗೇ ಹೋಗಬೇಕೆಂದರೆ ಸೈಕಲ್ ಮೂಲೆ ಸೇರುತ್ತದೆ. ಹೀಗೆ ಬರೀ ಗಾಳಿಯಿಲ್ಲದೆ ಮೂಲೆ ಸೇರಿದ ಎಷ್ಟೋ ಸೈಕಲ್ಲುಗಳನ್ನು ಕಂಡಿದ್ದೇನೆ.

ಇನ್ನೊಂದು ದೊಡ್ಡದು, ಹೆದ್ದಾರಿ. ಕಡೂರು, ಬೀರೂರು, ತರೀಕೆರೆಗಳು ತುಮಕೂರು-ಶಿವಮೊಗ್ಗ ರಾಷ್ಟ್ರೀಯ ಹೆದ್ದಾರಿಯ ಊರುಗಳು. ರಸ್ತೆ ಅಗಲವಾದಷ್ಟೂ ವಾಹನದ ವೇಗ ಹೆಚ್ಚುತ್ತದೆ. ಹೆದ್ದಾರಿಯನ್ನು ಅಡ್ಡ ದಾಟಿ ಶಾಲೆಗೆ ಬರುವ ಮಕ್ಕಳಿದ್ದಾರೆ. ದೇಶದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ ಎಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ‘ಬಿದ್ದು ಕೈಕಾಲು ಮುರ್ಕೊಂಡ್ರೆ ಯಾರು ಜವಾಬ್ದಾರಿ ಮೇಷ್ಟ್ರೇ?’ ಎಂದು ಕೇಳುವ ತಂದೆಯ ಭಯ ಸುಳ್ಳಲ್ಲ. ಆ ಭಯಕ್ಕೆ ಉತ್ತರ ಮಗಳನ್ನು ಮನೆಯಲ್ಲಿ ಕೂರಿಸುವುದಲ್ಲ, ಸೈಕಲ್ ತುಳಿಯುವುದನ್ನೂ ರಸ್ತೆಯ ನಡವಳಿಕೆಯನ್ನೂ ಸರಿಯಾಗಿ ಕಲಿಸುವುದು.

ಕಲಿಸಿದ ಜಿಲ್ಲೆ ಒಂದಿದೆ

ಸೈಕಲ್ ಕಲಿಸುವುದು ಸರ್ಕಾರದ ಕೆಲಸವೇ ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮದೇ ರಾಜ್ಯದಲ್ಲಿ ಸರ್ಕಾರ ಸೈಕ್ಲಿಂಗ್ ಕಲಿಸುತ್ತಿದೆ. ವಿಜಯಪುರದ ಕ್ರೀಡಾನಿಲಯದಲ್ಲಿ ಆಯ್ದ ಮಕ್ಕಳಿಗೆ ತರಬೇತಿಯಿದೆ, ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಸ್ಪರ್ಧೆಗಳಲ್ಲಿ ಹೆಸರು ಮಾಡಿದ್ದಾರೆ. ಅದು ಸಂತೋಷವೇ. ಆದರೆ ಅದು ಪದಕ ಗೆಲ್ಲುವ ಕೆಲವರಿಗಾಗಿ. ಶಾಲೆಗೆ ಹೋಗಿಬರುವ ಸಾವಿರಾರು ಮಕ್ಕಳಿಗೆ ಬೇಕಾದ ಸಾಮಾನ್ಯ ಕಲಿಕೆ ಬೇರೆ. ಅಂಥದ್ದಕ್ಕೆ ನೆರೆಯ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ ದೊಡ್ಡ ನಿದರ್ಶನ ಸಿಗುತ್ತದೆ.

ಅದು 1991ರ ಕಾಲ. ಪುದುಕೋಟೆಯಲ್ಲಿ ‘ಅರಿವೊಳಿ ಇಯಕ್ಕಂ’ ಎಂಬ ಸಾಕ್ಷರತಾ ಆಂದೋಲನ ನಡೆಯುತ್ತಿತ್ತು. ಆಗ ಜಿಲ್ಲಾಧಿಕಾರಿಯಾಗಿದ್ದವರು ಷೀಲಾ ರಾಣಿ ಚುಂಕತ್. ಅಕ್ಷರ ಕಲಿಸುವ ಕಾರ್ಯಕರ್ತೆಯರು ಹಳ್ಳಿಯಿಂದ ಹಳ್ಳಿಗೆ ಓಡಾಡಬೇಕು, ಕಲಿಯುವ ಹೆಂಗಸರಿಗೂ ಓಡಾಟದ ಸ್ವಾತಂತ್ರ್ಯ ಬೇಕು. ಹೀಗಾಗಿ ಓದುಬರಹದ ಜೊತೆಗೆ ಸೈಕಲ್ ಸವಾರಿಯನ್ನೂ ಆಂದೋಲನದ ಪಾಠವಾಗಿ ಸೇರಿಸಿದರು. ಊರೂರುಗಳಲ್ಲಿ ಸೈಕಲ್ ಕಲಿಸುವ ಶಿಬಿರಗಳು ನಡೆದವು. ಸೈಕಲ್ ಕೊಳ್ಳಲು ಸಾಲದ ವ್ಯವಸ್ಥೆಯಾಯಿತು. ಕೂಲಿ ಮಾಡುವವರು, ಕಲ್ಲುಕ್ವಾರಿಯಲ್ಲಿ ದುಡಿಯುವವರು, ನರ್ಸುಗಳು, ಶಿಕ್ಷಕಿಯರು ಎಲ್ಲರೂ ಕಲಿತರು. ಲೇಡೀಸ್ ಸೈಕಲ್ ಸಾಲದೆ ಬಂದಾಗ ಜೆಂಟ್ಸ್ ಸೈಕಲ್ಲನ್ನೇ ಕೊಂಡರಂತೆ. ಕೆಲವೇ ವರ್ಷಗಳಲ್ಲಿ ಆ ಜಿಲ್ಲೆಯ ಒಂದು ಲಕ್ಷಕ್ಕೂ ಹೆಚ್ಚು ಹೆಂಗಸರು ಸೈಕಲ್ ಕಲಿತರೆಂದು ಪತ್ರಕರ್ತ ಪಿ. ಸಾಯಿನಾಥ್ ಬರೆದಿದ್ದಾರೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಸರ್ಕಾರ ಅಲ್ಲಿ ಸೈಕಲ್ಲನ್ನು ಪುಕ್ಕಟೆ ಹಂಚಲಿಲ್ಲ. ಕಲಿಸಿತು, ಕಲಿಯಲು ಧೈರ್ಯ ಕೊಟ್ಟಿತು, ಕೊಳ್ಳಲು ದಾರಿ ಮಾಡಿತು. ನಮ್ಮಲ್ಲಿ ನಡೆದದ್ದು ಅದರ ಇನ್ನೊಂದು ಅರ್ಧ. ಎರಡೂ ಅರ್ಧ ಸೇರಿದರೆ ಎಷ್ಟು ಚೆನ್ನ!

ಪೆಡಲ್ ಬಿಚ್ಚಿ ಕಲಿಸಿ

ಆ ಹುಡುಗಿ ಶಾಲೆ ಬಿಟ್ಟ ಮೇಲೆ ನನಗೆ ಬುದ್ಧಿ ಬಂತು. ಮರುವರ್ಷ ಸೈಕಲ್ ಬಂದಾಗ ನಮ್ಮ ದೈಹಿಕ ಶಿಕ್ಷಕರೂ ನಾನೂ ಸೇರಿ ಶಾಲೆಯ ಮೈದಾನದಲ್ಲಿ ದಿನಾ ಸಂಜೆ ಮುಕ್ಕಾಲು ಗಂಟೆ ಕಲಿಸಲು ಕೂತೆವು. ಮೊದಲು ನಾವೂ ತಪ್ಪು ಮಾಡಿದೆವು. ಹುಡುಗಿಯನ್ನು ಸೀಟಿನ ಮೇಲೆ ಕೂರಿಸಿ, ಕ್ಯಾರಿಯರ್ ಹಿಡಿದು ಹಿಂದೆ ಓಡುವುದು. ಅದರಿಂದ ಮೇಷ್ಟ್ರಿಗೆ ಏದುಸಿರು, ಹುಡುಗಿಗೆ ಪರಾವಲಂಬನೆ. ಕೈಬಿಟ್ಟ ಕೂಡಲೇ ಬೀಳುವುದು.

ಆಮೇಲೆ ಸೈಕಲ್ಲಿನ ಚರಿತ್ರೆಯೇ ದಾರಿ ತೋರಿಸಿತು. ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಮಾಡಿದ ಮೊದಲ ಎರಡು ಚಕ್ರದ ಗಾಡಿಗೆ ಪೆಡಲ್ಲೇ ಇರಲಿಲ್ಲ. ನೆಲಕ್ಕೆ ಕಾಲು ಕೊಟ್ಟು ತಳ್ಳಿಕೊಂಡು ಹೋಗಬೇಕಿತ್ತು. ಪೆಡಲ್ ಬಂದದ್ದು 1860ರ ದಶಕದಲ್ಲಿ. ಅಂದರೆ ಮನುಷ್ಯ ಮೊದಲು ಕಲಿತದ್ದು ತೋಲನ, ಆಮೇಲೆ ತುಳಿತ. ನಾವು ಮಕ್ಕಳಿಗೆ ಎರಡನ್ನೂ ಒಟ್ಟಿಗೆ ಕಲಿಸಲು ಹೋಗಿ ಸೋಲುತ್ತಿದ್ದೆವು.

ಸೈಕಲ್ ಬೀಳದಿರುವುದು ಹೇಗೆ? ಅದು ಎಡಕ್ಕೆ ವಾಲಿದಾಗ ಹ್ಯಾಂಡಲ್ಲನ್ನು ಕೊಂಚ ಎಡಕ್ಕೇ ತಿರುಗಿಸಬೇಕು. ಆಗ ಚಕ್ರಗಳು ವಾಲಿದ ಭಾರದ ಕೆಳಗೆ ಬಂದು ಸೈಕಲ್ಲನ್ನು ಮತ್ತೆ ಎತ್ತುತ್ತವೆ. ಅಂಗೈ ಮೇಲೆ ಕೋಲು ನಿಲ್ಲಿಸುವ ಹುಡುಗ ಕೋಲು ವಾಲಿದ ಕಡೆಗೇ ಕೈ ಸರಿಸುತ್ತಾನಲ್ಲ, ಇದೂ ಹಾಗೆಯೇ. ಹೊಸಬರು ಹೆದರಿ ವಿರುದ್ಧ ದಿಕ್ಕಿಗೆ ತಿರುಗಿಸುತ್ತಾರೆ, ಬೀಳುತ್ತಾರೆ. ತಿರುಗುವ ಚಕ್ರದ ಗೈರೋಸ್ಕೋಪ್ ಗುಣದಿಂದಲೇ ಸೈಕಲ್ ನಿಲ್ಲುತ್ತದೆ ಎಂದು ಬಹುಕಾಲ ಪಾಠ ಹೇಳುತ್ತಿದ್ದೆವು. 2011ರಲ್ಲಿ ನೆದರ್ಲೆಂಡ್ಸ್ ಮತ್ತು ಅಮೆರಿಕದ ವಿಜ್ಞಾನಿಗಳು ಆ ಗುಣವನ್ನು ರದ್ದು ಮಾಡಿದ ಒಂದು ಪುಟ್ಟ ಸೈಕಲ್ ತಯಾರಿಸಿ, ಸವಾರನಿಲ್ಲದೆಯೂ ಅದು ಬೀಳದೆ ಸಾಗುವುದನ್ನು ತೋರಿಸಿದರು. ಮುಖ್ಯವಾದದ್ದು, ವಾಲಿದ ಕಡೆಗೆ ಮುಂಚಕ್ರ ತಿರುಗುವುದು.

ಇದನ್ನು ಮೈಗೆ ಕಲಿಸುವ ಕ್ರಮ ಹೀಗಿದೆ. ಮನೆಯಲ್ಲೂ ಮಾಡಬಹುದು.

ಸ್ಪ್ಯಾನರ್ ತೆಗೆದುಕೊಂಡು ಎರಡೂ ಪೆಡಲ್ ಬಿಚ್ಚಿ. ಬಲಗಡೆಯದು ಎಲ್ಲ ತಿರುಪಿನಂತೆ ಬಿಚ್ಚುತ್ತದೆ. ಎಡಗಡೆಯದರ ತಿರುಪು ಉಲ್ಟಾ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಸೀಟನ್ನು ಪೂರ್ತಿ ತಗ್ಗಿಸಿ, ಕೂತರೆ ಎರಡೂ ಪಾದ ನೆಲಕ್ಕೆ ತಾಗಬೇಕು. ಮೊದಲ ಎರಡು ದಿನ ಮಗು ಕೂತುಕೊಂಡೇ ಕಾಲಲ್ಲಿ ತಳ್ಳಿಕೊಂಡು ನಡೆಯಲಿ. ಮೂರನೆಯ ದಿನದಿಂದ ಎರಡು ಹೆಜ್ಜೆ ಜೋರಾಗಿ ತಳ್ಳಿ ಎರಡೂ ಕಾಲು ಎತ್ತಲಿ. ನೋಟ ಚಕ್ರದ ಮೇಲಿರದೆ ಹತ್ತು ಮಾರು ಮುಂದಿರಲಿ. ಬ್ರೇಕ್ ಹಿಡಿಯುವುದನ್ನೂ ಈ ಹಂತದಲ್ಲೇ ಕಲಿಸಿ. ಕಾಲೆತ್ತಿ ಮೈದಾನದ ಒಂದು ಬದಿಯಿಂದ ಅರ್ಧದವರೆಗೆ ತೇಲಿ ಹೋಗುವುದು ಬಂದರೆ ತೋಲನ ಬಂತೆಂದೇ ಲೆಕ್ಕ. ಆಮೇಲೆ ಪೆಡಲ್ ಹಾಕಿಕೊಡಿ. ತುಳಿಯುವುದು ಅರ್ಧ ಗಂಟೆಯ ಕೆಲಸ. ಕೊನೆಗೆ ಸೀಟನ್ನು ತಕ್ಕ ಎತ್ತರಕ್ಕೆ ಏರಿಸಿ.

ನಮ್ಮ ಮೈದಾನದಲ್ಲಿ ಬಹುಪಾಲು ಮಕ್ಕಳು ಹತ್ತು ಸಂಜೆಗಳೊಳಗೆ ಕಲಿತರು. ಇಬ್ಬರಿಗೆ ಮೂರು ವಾರ ಹಿಡಿಯಿತು. ಕಲಿಯಲಾರದವರು ಒಬ್ಬರೂ ಇರಲಿಲ್ಲ. ಗಂಡುಮಕ್ಕಳನ್ನು ಆ ಹೊತ್ತಿಗೆ ಮೈದಾನದಿಂದ ದೂರ ಇಟ್ಟದ್ದು ಒಳ್ಳೆಯದಾಯಿತು. ನಗುವವರಿಲ್ಲದಿದ್ದರೆ ಹುಡುಗಿಯರು ಬೀಳಲು ಹೆದರುವುದಿಲ್ಲ.

ರಸ್ತೆಯ ಪಾಠ

ತೋಲನ ಬಂದ ಮಾತ್ರಕ್ಕೆ ಮಗು ರಸ್ತೆಗೆ ಸಿದ್ಧವಲ್ಲ. ಇಂಗ್ಲೆಂಡಿನಲ್ಲಿ ಮಕ್ಕಳ ಸೈಕಲ್ ಪರೀಕ್ಷೆಗಳು 1947ರಲ್ಲೇ ಆರಂಭವಾದವು. 2007ರಿಂದ ಅಲ್ಲಿ ಸರ್ಕಾರದ ನೆರವಿನ ‘ಬೈಕೆಬಿಲಿಟಿ’ ತರಬೇತಿ ಶಾಲೆಗಳಲ್ಲಿ ನಡೆಯುತ್ತಿದೆ. ಅದರಲ್ಲಿ ಮೂರು ಹಂತ. ಮೊದಲನೆಯದು ಮೈದಾನದಲ್ಲಿ, ಎರಡನೆಯದು ವಾಹನ ಕಡಿಮೆಯಿರುವ ಬೀದಿಯಲ್ಲಿ, ಮೂರನೆಯದು ದಟ್ಟಣೆಯ ರಸ್ತೆಯಲ್ಲಿ. ನೆದರ್ಲೆಂಡ್ಸಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ರಸ್ತೆ ನಿಯಮಗಳ ಲಿಖಿತ ಪರೀಕ್ಷೆಯನ್ನೂ ಸೈಕಲ್ ಮೇಲೆ ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸುತ್ತಾರೆ. ಈ ಮೂರು ಹಂತ ನಮಗೂ ಒಗ್ಗುತ್ತದೆ. ಶಾಲೆಯ ಮೈದಾನ, ಊರೊಳಗಿನ ರಸ್ತೆ, ಕೊನೆಗೆ ಹೆದ್ದಾರಿ ದಾಟುವ ಜಾಗ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಲೆಕ್ಕ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವ ಸೈಕಲ್ ಸೆಕೆಂಡಿಗೆ ಸುಮಾರು 4 ಮೀಟರ್ ಸಾಗುತ್ತದೆ. ಅಡ್ಡ ಬಂದ ದನವನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕೆಂದರೆ 4 ಮೀಟರ್ ಹೋಗಿಯೇ ಹೋಯಿತು. ಬ್ರೇಕ್ ಹಿಡಿದ ಮೇಲೆ ನಿಲ್ಲಲು ಇನ್ನೂ ಸುಮಾರು 3 ಮೀಟರ್. ಒಟ್ಟು 7 ಮೀಟರ್. ಇಳಿಜಾರಿನಲ್ಲಿ ವೇಗ 30 ಕಿ.ಮೀ. ಆಯಿತೆನ್ನಿ. ವೇಗ ಎರಡರಷ್ಟಾದರೆ ಬ್ರೇಕಿನ ದೂರ ನಾಲ್ಕರಷ್ಟಾಗುತ್ತದೆ. ಒಟ್ಟು ದೂರ 20 ಮೀಟರ್ ಮುಟ್ಟುತ್ತದೆ. ರಸ್ತೆ ಒದ್ದೆಯಿದ್ದರೆ ಇನ್ನೂ ಹೆಚ್ಚು. ಚಲನ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ನೀವು ಬಾಯಿಪಾಠ ಮಾಡುವ ಸೂತ್ರದ ಅರ್ಥ ಇದೇ.

ಇನ್ನೊಂದು ಲೆಕ್ಕವನ್ನು ಮನೆಯಲ್ಲೇ ಮಾಡಿ. ಮುಂದಿನ ಹಲ್ಲುಚಕ್ರದ ಹಲ್ಲುಗಳನ್ನೂ ಹಿಂದಿನದರ ಹಲ್ಲುಗಳನ್ನೂ ಎಣಿಸಿ. 44 ಮತ್ತು 18 ಇದ್ದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂಚಕ್ರ ಸುಮಾರು ಎರಡೂವರೆ ಸುತ್ತು ತಿರುಗುತ್ತದೆ. ಚಕ್ರದ ವ್ಯಾಸ 70 ಸೆಂ.ಮೀ. ಇದ್ದರೆ ಒಂದು ತುಳಿತಕ್ಕೆ ಸೈಕಲ್ ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಐದು ಕಿಲೊಮೀಟರ್ ದಾರಿಗೆ ಸುಮಾರು 930 ಸುತ್ತು ಸಾಕು. ನಡೆದರೆ ಒಂದು ಗಂಟೆಯ ದಾರಿ, ತುಳಿದರೆ ಇಪ್ಪತ್ತು ಇಪ್ಪತ್ತೈದು ನಿಮಿಷ. ಹೋಗಿ ಬರುವುದರಲ್ಲಿ ದಿನಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಉಳಿಯಿತು. ಎಸ್‌ಎಸ್‌ಎಲ್‌ಸಿ ಮಗುವಿಗೆ ಆ ಗಂಟೆಯ ಬೆಲೆ ಏನೆಂದು ಹೇಳಬೇಕಿಲ್ಲ.

ರಸ್ತೆಗಿಳಿಯುವ ಮುನ್ನ ಕೆಲವು ವಿಷಯ ನೆನಪಿರಲಿ. ಚೂಡಿದಾರದ ವೇಲನ್ನು ಬಿಗಿಯಾಗಿ ಕಟ್ಟಿಕೊಳ್ಳಬೇಕು. ಚೈನಿಗೋ ಚಕ್ರಕ್ಕೋ ವೇಲು ಸಿಕ್ಕಿ ಬಿದ್ದರೆ ಕುತ್ತಿಗೆಗೇ ಅಪಾಯ. ಪುಸ್ತಕದ ಚೀಲವನ್ನು ಹ್ಯಾಂಡಲಿಗೆ ನೇತು ಹಾಕಬಾರದು, ಕ್ಯಾರಿಯರಿಗೆ ಕಟ್ಟಬೇಕು. ಯಾವ ಬ್ರೇಕ್ ಮುಂಚಕ್ರದ್ದು, ಯಾವುದು ಹಿಂಚಕ್ರದ್ದು ಎಂದು ಮೊದಲೇ ನೋಡಿಕೊಂಡು ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಸದಾ ಎಡಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಮಾತಿನ ಗುಂಗಿನಲ್ಲಿ ಮೂವರು ಸಾಲಾಗಿ ಹೋಗುವುದು ಬೇಡ. ಹೆದ್ದಾರಿಯನ್ನು ಸೈಕಲ್ ಮೇಲೆ ದಾಟಬಾರದು, ಇಳಿದು ತಳ್ಳಿಕೊಂಡು ದಾಟಬೇಕು. ಹಿಂದಿನ ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರ್ ಇರಲೇಬೇಕು. ಸ್ಪೆಷಲ್ ಕ್ಲಾಸ್ ಮುಗಿಸಿ ಮಬ್ಬುಗತ್ತಲಲ್ಲಿ ಮನೆಗೆ ಹೋಗುವ ಹತ್ತನೇ ತರಗತಿಯವರಿಗೆ ಅದು ಪ್ರಾಣದ ಪ್ರಶ್ನೆ. ಹೆಲ್ಮೆಟ್ ಕೊಡಿಸಲು ಶಕ್ತಿ ಇದ್ದವರು ಖಂಡಿತ ಕೊಡಿಸಿ.

ಹೆತ್ತವರಲ್ಲಿ ಒಂದು ಮಾತು

‘ಈಗ ಹೆಣ್ಣುಮಕ್ಕಳಿಗೆ ಬಸ್ಸೇ ಫ್ರೀ ಇದೆಯಲ್ಲ, ಸೈಕಲ್ ಯಾಕೆ?’ ಎಂದು ಕೇಳುವವರಿದ್ದಾರೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಬಸ್ಸಿರುವ ಊರಿನ ಹುಡುಗಿಯರಿಗೆ ಅನುಕೂಲವಾಗಿದೆ ನಿಜ. ಆದರೆ ಬಸ್ಸು ಮುಖ್ಯರಸ್ತೆಯಲ್ಲಿ ಹೋಗುತ್ತದೆ, ಮನೆ ಒಳಗಿನ ಹಳ್ಳಿಯಲ್ಲಿರುತ್ತದೆ. ಬೆಳಗಿನ ಬಸ್ಸು ಶಾಲೆಯ ಹೊತ್ತಿಗೆ ಬಾರದಿದ್ದರೆ, ಸಂಜೆಯದು ತಪ್ಪಿದರೆ, ಅಲ್ಲಿಗೆ ಸೈಕಲ್ಲೇ ಗತಿ. ಬಸ್ಸೂ ಇರಲಿ, ಸೈಕಲ್ಲೂ ಬರುತ್ತಿರಲಿ.

ಇನ್ನು ಕೆಲವು ತಂದೆಯರು ಸೈಕಲ್ ಎಂದರೆ ಬಡತನದ ಗುರುತು ಎಂದು ಹದಿನಾಲ್ಕರ ಹುಡುಗನ ಕೈಗೆ ಸ್ಕೂಟರಿನ ಕೀ ಕೊಡುತ್ತಾರೆ. ಇದು ಮಮತೆಯಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ವಾಹನದ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಸೈಕಲ್ ಕೊಡಿಸಿದ ತಂದೆಗೆ ಈ ಯಾವ ಚಿಂತೆಯೂ ಇಲ್ಲ. ಮಗನ ಕಾಲಿಗೆ ಬಲ ಬರುವುದು ಲಾಭ.

ತಾಯಂದಿರೇ, ಬೆಳೆದ ಹುಡುಗಿ ಸೈಕಲ್ ತುಳಿದರೆ ದೇಹಕ್ಕೆ ಕೆಡುಕು ಎಂಬುದಕ್ಕೆ ವೈದ್ಯಶಾಸ್ತ್ರದ ಯಾವ ಆಧಾರವೂ ಇಲ್ಲ. ಓಟ, ಈಜಿನಂತೆ ಇದೂ ಒಳ್ಳೆಯ ವ್ಯಾಯಾಮ.

ಕೇಳಬೇಕಾದದ್ದು ಇಷ್ಟೇ

ಸರ್ಕಾರಿ ಶಾಲೆಗಳ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ಕಲೆ ಕಲಿಸಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಹಣ ಕೊಡುತ್ತಾರೆ, ತರಬೇತುದಾರರು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ಅದು ಸಾಧ್ಯವಾದರೆ ಹತ್ತು ಸಂಜೆಗಳ ಸೈಕಲ್ ಕಲಿಕೆ ಯಾಕೆ ಸಾಧ್ಯವಿಲ್ಲ? ಪ್ರತಿ ಹೈಸ್ಕೂಲಿಗೆ ನಾಲ್ಕು ಹಳೆಯ ಸೈಕಲ್, ಒಂದು ಸ್ಪ್ಯಾನರ್ ಸೆಟ್, ಒಂದು ಗಾಳಿಪಂಪು, ಪಂಕ್ಚರ್ ಹಾಕುವ ಸಾಮಾನು ಇದ್ದರೆ ಆಯಿತು. ದೈಹಿಕ ಶಿಕ್ಷಕರ ವೇಳಾಪಟ್ಟಿಯಲ್ಲಿ ಏಳನೇ ತರಗತಿಯ ಕೊನೆಗೋ ಎಂಟರ ಆರಂಭಕ್ಕೋ ಅದಕ್ಕೊಂದು ಜಾಗ ಬೇಕು. ಪಂಕ್ಚರ್ ಹಾಕುವುದು, ಬ್ರೇಕ್ ಬಿಗಿ ಮಾಡುವುದನ್ನು ವಿಜ್ಞಾನದ ಪ್ರಾಯೋಗಿಕ ಪಾಠವೆಂದೇ ಕಲಿಸಬಹುದು. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುವುದಕ್ಕಿಂತ ಚಂದದ ಪ್ರಯೋಗ ನನಗೆ ಗೊತ್ತಿಲ್ಲ. ಮೂರನೆಯ ಹಂತದ ರಸ್ತೆ ಪಾಠಕ್ಕೆ ಒಂದು ದಿನ ಪೊಲೀಸ್ ಠಾಣೆಯವರ ನೆರವು ಕೋರಬಹುದು. ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರು ಇದನ್ನು ಎತ್ತಿದರೆ ಇಲ್ಲವೆನ್ನುವ ಮುಖ್ಯೋಪಾಧ್ಯಾಯರು ಕಡಿಮೆ.

ಸರ್ಕಾರದ ಆದೇಶ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ನಮ್ಮ ಮೈದಾನದಲ್ಲಿ ಕಲಿತ ಮೊದಲ ತಂಡದ ಹುಡುಗಿಯರು ಮಾರನೆಯ ವರ್ಷ ತಮಗಿಂತ ಚಿಕ್ಕವರಿಗೆ ಕಲಿಸಿದರು. ಆಮೇಲೆ ನನ್ನ ಕೆಲಸ ಬರೀ ಪೆಡಲ್ ಬಿಚ್ಚಿ ಹಾಕುವುದಷ್ಟೇ ಆಯಿತು. ಐದಾರು ಕಿಲೊಮೀಟರ್ ದೂರದ ಊರುಗಳಿಂದ ಸಾಲಾಗಿ ಬಂದು, ಬೇವಿನ ಮರದ ಕೆಳಗೆ ಸೈಕಲ್ ನಿಲ್ಲಿಸಿ, ಬೆವರು ಒರೆಸಿಕೊಂಡು ಪ್ರಾರ್ಥನೆಗೆ ನಿಲ್ಲುತ್ತಿದ್ದ ಅವರನ್ನು ಕಂಡಾಗಲೆಲ್ಲ ನನಗೆ ಹಿಂದಿನ ವರ್ಷದ ಆ ಹುಡುಗಿ ನೆನಪಾಗುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಹತ್ತು ಸಂಜೆ ಮಾತ್ರ. ಅದನ್ನು ಕೊಡಬಹುದಿತ್ತು, ಕೊಡಲಿಲ್ಲ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಮೂಲೆ ಸೇರಿದ ಒಂದು ಸೈಕಲ್ ಇದ್ದೀತು. ‘ತುಳಿಯೋಕೆ ಬರಲ್ಲ’ ಎನ್ನುವ ಒಂದು ಮಗುವೂ ಇದ್ದೀತು. ಕೇಳಿ ನಗಬೇಡಿ. ಈ ಭಾನುವಾರ ಸ್ಪ್ಯಾನರ್ ಹುಡುಕಿ, ಎಡಗಡೆಯ ಪೆಡಲ್ ಉಲ್ಟಾ ಬಿಚ್ಚಬೇಕೆಂಬುದು ನೆನಪಿರಲಿ.